ಬೀರುವಿನಲ್ಲಿ ಉಳಿದ ರವಿಕೆ ಕಣಗಳಿಂದ ಉಡುಗೊರೆ ಹೊಲಿಯುವ ಬಗೆ

ಬೆಂಗಳೂರಿನ ಬಹುತೇಕ ಮನೆಗಳ ಬೀರುವಿನಲ್ಲಿ ಒಂದು ಮೂಲೆ ರವಿಕೆ ಕಣಗಳಿಗೆ ಮೀಸಲಾಗಿರುತ್ತದೆ. ವರಮಹಾಲಕ್ಷ್ಮಿ ಹಬ್ಬದ ಅರಿಶಿನ ಕುಂಕುಮಕ್ಕೆ, ಗೌರಿ ಹಬ್ಬದ ಬಾಗಿನಕ್ಕೆ, ಸೀಮಂತಕ್ಕೆ, ಗೃಹಪ್ರವೇಶಕ್ಕೆ ಹೋದಾಗಲೆಲ್ಲ ಎಲೆ ಅಡಿಕೆ, ತೆಂಗಿನಕಾಯಿಗಳ ಜೊತೆಯಲ್ಲಿ ಮಡಿಲಿಗೆ ಬಂದ ಈ ಬಟ್ಟೆಗಳಲ್ಲಿ ಹೆಚ್ಚಿನವು ನಮ್ಮ ಯಾವ ಸೀರೆಗೂ ಹೊಂದುವುದಿಲ್ಲ. ಹಾಗಾಗಿ ಅವು ಮತ್ತೊಬ್ಬರ ತಾಂಬೂಲದ ತಟ್ಟೆಗೆ ಹೋಗಿ, ಅಲ್ಲಿಂದ ಇನ್ನೊಂದು ಮನೆಗೆ ಹೋಗಿ, ಮಡಿಕೆಯ ಗೆರೆಯಲ್ಲಿ ಬಣ್ಣ ಮಾಸುವವರೆಗೂ ಸುತ್ತುತ್ತಲೇ ಇರುತ್ತವೆ. ಕೈಯಲ್ಲಿ ಹೆಚ್ಚು ಹಣವಿಲ್ಲದೆ, ಆದರೂ ತನ್ನ ಕೈಯಾರೆ ಏನನ್ನಾದರೂ ಮಾಡಿ ಕೊಡಬೇಕೆಂಬ ಆಸೆಯಿರುವವರಿಗೆ ಈ ಕಣಗಳಿಗಿಂತ ಒಳ್ಳೆಯ ಬಟ್ಟೆ ಸಿಗುವುದು ಕಷ್ಟ. ಹತ್ತಾರು ಕೈ ದಾಟಿಯೂ ಯಾರದೂ ಆಗದೆ ಉಳಿದ ಬಟ್ಟೆಗೆ, ಇಂಥವರಿಗೆಂದು ಕತ್ತರಿ ಹಾಕಿದ ದಿನ, ಒಬ್ಬ ಒಡೆಯ ಸಿಗುತ್ತಾನೆ.

ಹೊಲಿಗೆಗೆ ಕೂರುವ ಮುನ್ನ, ಉಡುಗೊರೆ ಪಡೆಯುವವರ ದಿನಚರಿಯನ್ನು ಸ್ವಲ್ಪ ಹೊತ್ತು ನೆನೆಯಿರಿ. ಕನ್ನಡಕವನ್ನು ಪತ್ರಿಕೆಯ ಮೇಲೆ ಬಿಟ್ಟು ದಿನವೂ ಹುಡುಕುವ ಮಾವನವರಿಗೆ ಮೆತ್ತನೆಯ ಚೀಲವೊಂದು ಬೇಕಾಗಿರುತ್ತದೆ. ಸಂಜೆ ಗಾಂಧಿ ಬಜಾರಿಗೆ ಹೋಗಿ ಹೂವು, ಸೊಪ್ಪು ತರುವ ಅತ್ತೆಗೆ ತಳ ಅಗಲವಾದ ಕೈಚೀಲ ಬೇಕಾಗಿರುತ್ತದೆ. ಬಾಣಂತನಕ್ಕೆ ತವರಿಗೆ ಬಂದ ತಂಗಿಗೆ ಮಗುವಿನ ಅಡಿಗೆ ಹಾಸುವ ಬಟ್ಟೆ ಎಷ್ಟಿದ್ದರೂ ಸಾಲದು. ಅಂಗಡಿಯಲ್ಲಿ ಸಾವಿರ ರೂಪಾಯಿ ಕೊಟ್ಟು ತಂದ ಅಲಂಕಾರದ ವಸ್ತು ಷೋಕೇಸಿನಲ್ಲಿ ಕೂರುವ ಹೊತ್ತಿಗೆ ಇವು ದಿನಕ್ಕೆ ನಾಲ್ಕು ಬಾರಿ ಕೈಗೆ ಸಿಗುತ್ತವೆ.

ಒಂದು ಮಾತನ್ನು ಮೊದಲೇ ಹೇಳುವುದು ಉಚಿತ. ಕಲಶಕ್ಕೆ ಅಥವಾ ದೇವಿಗೆ ಉಡಿಸಿದ ಕಣವನ್ನು ಕತ್ತರಿಸುವುದು ಕೆಲವು ಮನೆಗಳಲ್ಲಿ ಸಲ್ಲದು; ಹಿರಿಯರನ್ನು ಕೇಳಿಯೇ ಮುಂದುವರಿಯಿರಿ. ಅನುಮತಿ ಸಿಕ್ಕರೂ ಅದರಿಂದ ಕಾಲೊರಸು, ಒಲೆಬಟ್ಟೆಗಳನ್ನು ಮಾಡದೆ, ಶ್ಲೋಕದ ಪುಸ್ತಕ ಇಡುವ ಚೀಲವನ್ನೋ ಹೂವಿನ ಬುಟ್ಟಿಯ ಮುಸುಕನ್ನೋ ಮಾಡುವುದು ಒಳ್ಳೆಯದು.

ಬಟ್ಟೆಯನ್ನು ಅರಿಯುವುದು

ತಾಂಬೂಲದ ಕಣಗಳಲ್ಲಿ ಹತ್ತಿ, ಪಾಲಿಯೆಸ್ಟರ್ ಮತ್ತು ಇವೆರಡರ ಮಿಶ್ರಣ ಮೂರೂ ಇರುತ್ತವೆ, ಕಣ್ಣಿಗೆ ಮೂರೂ ಒಂದೇ ರೀತಿ ಹೊಳೆಯುತ್ತವೆ. ಗುರುತಿಸಲು ಮೂಲೆಯಿಂದ ನಾಲ್ಕೈದು ಎಳೆಗಳನ್ನು ಕಿತ್ತು, ಇಕ್ಕಳದಲ್ಲಿ ಹಿಡಿದು, ನೀರಿರುವ ತಟ್ಟೆಯ ಮೇಲೆ ಬೆಂಕಿ ತಾಗಿಸಿ ನೋಡಿ. ಹತ್ತಿಯ ಎಳೆ ಕಾಗದದಂತೆ ಉರಿದು ಬೆರಳಿಗೆ ಪುಡಿಯಾಗುವ ಬೂದಿಯನ್ನು ಬಿಡುತ್ತದೆ. ಪಾಲಿಯೆಸ್ಟರ್ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ. ಈ ಪರೀಕ್ಷೆ ಏಕೆ ಮುಖ್ಯವೆಂದರೆ, ಹತ್ತಿಗೆ ಬೇಕಾದಷ್ಟು ಕಾದ ಇಸ್ತ್ರಿಪೆಟ್ಟಿಗೆಯನ್ನು ಪಾಲಿಯೆಸ್ಟರಿನ ಮೇಲೆ ಇಟ್ಟರೆ ಬಟ್ಟೆ ಸುಕ್ಕಿ ಅಂಟಿಕೊಳ್ಳುತ್ತದೆ. ಜೊತೆಗೆ ಮಗುವಿಗೆ ತಾಗುವ ಅಥವಾ ಒಲೆಯ ಬಳಿ ಬಳಸುವ ಯಾವ ವಸ್ತುವಿಗೂ ಪಾಲಿಯೆಸ್ಟರ್ ಸಲ್ಲದು.

ಹತ್ತಿಯ ಕಣಗಳನ್ನು ಕತ್ತರಿಸುವ ಮೊದಲೇ ರಾತ್ರಿಯಿಡೀ ನೆನೆಸಿ, ಒಗೆದು, ಒಣಗಿಸಿ, ಇಸ್ತ್ರಿ ಮಾಡಬೇಕು. ಹೊಸ ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ಕುಗ್ಗುತ್ತದೆ. ಒಳಪದರ ಹಳೆಯ ಬಟ್ಟೆಯದಾಗಿ ಹೊರಪದರ ಮಾತ್ರ ಹೊಸದಾಗಿದ್ದರೆ, ಹೊಲಿದ ಚೀಲ ಮೊದಲ ಬಾರಿ ನೀರು ಕಂಡಾಗ ತಿರುಚಿಕೊಳ್ಳುತ್ತದೆ. ಬಣ್ಣ ಬಿಡುವ ಕಣವನ್ನು ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆಂಬ ನಂಬಿಕೆ ಮನೆಮನೆಯಲ್ಲಿದೆ. ಆದರೆ ಈಗಾಗಲೇ ಹಾಕಿರುವ ಬಣ್ಣವನ್ನು ಉಪ್ಪು ಗಟ್ಟಿಗೊಳಿಸಲಾರದು. ನೀರು ತಿಳಿಯಾಗುವವರೆಗೆ ಬೇರೆಬೇರೆಯಾಗಿ ಒಗೆಯುವುದೊಂದೇ ದಾರಿ. ನಾಲ್ಕು ಒಗೆತಗಳ ನಂತರವೂ ಕೆಂಪು ನೀರು ಬರುತ್ತಿದ್ದರೆ ಆ ಕಣವನ್ನು ಬಿಳಿ ಒಳಪದರದ ಜೊತೆ ಸೇರಿಸಬೇಡಿ. ನಾನು ಮೊದಲ ವರ್ಷ ಈ ಎಚ್ಚರ ವಹಿಸದೆ ಗೆಳತಿಗೆ ಕೊಟ್ಟ ಮೆರೂನ್ ಚೀಲ, ಒಂದು ಮಳೆಯಲ್ಲಿ ನೆನೆದು, ಒಳಗಿದ್ದ ಅವಳ ಬಿಳಿ ದುಪಟ್ಟಾವನ್ನು ಹಾಳುಮಾಡಿತು. ಅದು ಇಂದಿಗೂ ನನ್ನ ಮನಸ್ಸಿನಲ್ಲಿದೆ.

ಖರ್ಚಿನ ಲೆಕ್ಕ

ಬಟ್ಟೆ ಮನೆಯಲ್ಲೇ ಇರುವುದರಿಂದ ಕೊಳ್ಳಬೇಕಾದದ್ದು ದಾರ, ಸೂಜಿ, ಬಟ್ಟೆಗೆ ಗಡಸು ಕೊಡುವ ಕ್ಯಾನ್ವಾಸ್, ಬೇಕೆನಿಸಿದರೆ ಲೇಸು ಮತ್ತು ಗುಂಡಿ. ಇವನ್ನು ಬಿಡಿಯಾಗಿ ಕೊಳ್ಳುವುದಾದರೆ ನಿಮ್ಮ ಬೀದಿಯ ಹೊಲಿಗೆ ಸಾಮಾನಿನ ಅಂಗಡಿಯೇ ಸಾಕು. ಹಬ್ಬಕ್ಕೆ ಇಪ್ಪತ್ತು ಜನರಿಗೆ ಹೊಲಿಯುವುದಾದರೆ ಹಸಿರು ಮಾರ್ಗದ ಮೆಟ್ರೋ ಹಿಡಿದು ಚಿಕ್ಕಪೇಟೆ ನಿಲ್ದಾಣದಲ್ಲಿ ಇಳಿದು, ಪೇಟೆಯ ಸಗಟು ಅಂಗಡಿಗಳಲ್ಲಿ ಡಜನ್ ಲೆಕ್ಕದಲ್ಲಿ ಕೊಳ್ಳುವುದು ಲಾಭದಾಯಕ. ಲೇಸು, ಮಣಿ, ಗುಂಡಿಗಳಿಗೆ ರಾಜಾ ಮಾರ್ಕೆಟ್ ಒಳ್ಳೆಯದು. ಆದರೆ ಅಲ್ಲಿಗೆ ಪಟ್ಟಿಯಿಲ್ಲದೆ ಹೋಗಬಾರದು. ಉಳಿಸಿದ ಹಣವೆಲ್ಲ ಬೇಡದ ಲೇಸಿನ ಸುರುಳಿಗಳಾಗಿ ಮನೆಗೆ ಬರುತ್ತದೆ. ಎರಡು ಪಟ್ಟು ಹಣ ಕೊಟ್ಟಾದರೂ ಒಳ್ಳೆಯ ದಾರವನ್ನೇ ಕೊಳ್ಳಿ. ಅಗ್ಗದ ದಾರ ಯಂತ್ರದಲ್ಲಿ ಪದೇಪದೇ ತುಂಡಾಗುತ್ತದೆ, ಹಿಡಿಕೆಯ ಬುಡದಲ್ಲಿ ಎಲ್ಲಕ್ಕಿಂತ ಮೊದಲು ಬಿಡುತ್ತದೆ.

ಬಡಾವಣೆಯ ಟೈಲರ್ ಅಂಗಡಿಗಳಲ್ಲಿ ದಿನವೂ ಉಳಿಯುವ ಲೈನಿಂಗ್ ತುಂಡುಗಳನ್ನು ಕೇಳಿ ಪಡೆಯಬಹುದು. ಯಂತ್ರವಿಲ್ಲದವರು ಅವರಲ್ಲಿಯೇ ಉದ್ದನೆಯ ನೇರ ಹೊಲಿಗೆಗಳನ್ನು ಹಾಕಿಸಿಕೊಂಡು ಉಳಿದ ಕೆಲಸವನ್ನು ಕೈಯಲ್ಲಿ ಮುಗಿಸುವುದೂ ಉಂಟು, ಇದರಲ್ಲಿ ಕೀಳೇನಿಲ್ಲ. ಹಬ್ಬದ ಹಿಂದಿನ ಎರಡು ವಾರಗಳಲ್ಲಿ ಮಾತ್ರ ಅವರನ್ನು ಕೇಳಬೇಡಿ, ರವಿಕೆಗಳ ರಾಶಿಯಲ್ಲಿ ಅವರಿಗೆ ಊಟಕ್ಕೂ ಬಿಡುವಿರುವುದಿಲ್ಲ.

ಒಂದು ಕಣದಿಂದ ಎರಡು ತಾಂಬೂಲದ ಚೀಲ

ಸಾಮಾನ್ಯವಾಗಿ ಸಿಗುವ ಕಣ ಸುಮಾರು 80 ಸೆಂಟಿಮೀಟರ್ ಉದ್ದ, 90 ಸೆಂಟಿಮೀಟರ್ ಅಗಲವಿರುತ್ತದೆ. ಅಂದರೆ ಸುಮಾರು 31 ಇಂಚಿಗೆ 35 ಇಂಚು. ನಿಮ್ಮ ಕಣವನ್ನು ಒಗೆದ ಮೇಲೆ ಅಳೆಯಿರಿ, ಕಡಿಮೆಯಿದ್ದರೆ ಚೀಲದ ಎತ್ತರವನ್ನು ಒಂದಿಂಚು ತಗ್ಗಿಸಿ. ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಅಗಲದ 35 ಇಂಚಿನಲ್ಲಿ ಒಂದು ಕಡೆಯಿಂದ 24 ಇಂಚನ್ನು ಗುರುತಿಸಿ. ಈ 24 ಇಂಚಿನ ಭಾಗದಲ್ಲಿ 12 ಇಂಚು ಅಗಲ, 14 ಇಂಚು ಎತ್ತರದ ನಾಲ್ಕು ತುಂಡುಗಳು ಬರುತ್ತವೆ. ಅವು ಎರಡು ಚೀಲಗಳ ಹೊರಪದರ. ಉಳಿದ 11 ಇಂಚಿನ ಉದ್ದ ಪಟ್ಟಿಯಿಂದ 4 ಇಂಚು ಅಗಲ, 15 ಇಂಚು ಉದ್ದದ ನಾಲ್ಕು ಹಿಡಿಕೆಗಳು ಬರುತ್ತವೆ. ಕತ್ತರಿಸುವಾಗ ಹಾಸಿನ ಎಳೆ ಚೀಲದ ಎತ್ತರಕ್ಕೂ ಹಿಡಿಕೆಯ ಉದ್ದಕ್ಕೂ ಬರುವಂತೆ ನೋಡಿಕೊಳ್ಳಿ. ಬಟ್ಟೆಯ ನೇಯ್ದ ಅಂಚು ಯಾವ ದಿಕ್ಕಿಗೆ ಓಡುತ್ತದೆಯೋ ಅದೇ ಹಾಸಿನ ದಿಕ್ಕು. ಅಡ್ಡ ಎಳೆದರೆ ಬಟ್ಟೆ ಸ್ವಲ್ಪ ಹಿಗ್ಗುತ್ತದೆ, ಹಾಸಿನುದ್ದಕ್ಕೆ ಎಳೆದರೆ ಹಿಗ್ಗುವುದಿಲ್ಲ. ಭಾರ ಹೊರುವ ಚೀಲಕ್ಕೆ ಈ ವ್ಯತ್ಯಾಸ ದೊಡ್ಡದು. ನಿಮ್ಮ ಕಣದ ಅಂಚು ಬೇರೆ ದಿಕ್ಕಿಗೆ ಓಡುತ್ತಿದ್ದರೆ ತುಂಡುಗಳನ್ನು ಅದಕ್ಕೆ ತಕ್ಕಂತೆ ತಿರುಗಿಸಿ ಜೋಡಿಸಿಕೊಳ್ಳಿ.

ಒಳಪದರಕ್ಕೆ ಹಳೆಯ ಹತ್ತಿ ಪಂಚೆ ಅತ್ಯುತ್ತಮ. ಎಂಟು ಮೊಳದ ಪಂಚೆಯಲ್ಲಿ ಸವೆದ ಭಾಗಗಳನ್ನು ಬಿಟ್ಟರೂ ಹದಿನೈದು ಚೀಲಗಳಿಗೆ ಒಳಪದರ ಸಿಗುತ್ತದೆ. ಹೊರಪದರದ ಅಳತೆಯಲ್ಲಿಯೇ ಒಂದೊಂದು ಚೀಲಕ್ಕೆ ಎರಡು ತುಂಡುಗಳನ್ನು ಕತ್ತರಿಸಿ.

ಮೊದಲು ಹಿಡಿಕೆಯನ್ನು ಮುಗಿಸಿ. ಪಟ್ಟಿಯ ಎರಡೂ ಉದ್ದನೆಯ ಅಂಚುಗಳನ್ನು ನಡುಗೆರೆಗೆ ತಂದು ಇಸ್ತ್ರಿ ಮಾಡಿ, ಮತ್ತೆ ನಡುವೆ ಮಡಿಸಿದರೆ ನಾಲ್ಕು ಪದರದ, ಒಂದಿಂಚು ಅಗಲದ ಪಟ್ಟಿಯಾಗುತ್ತದೆ. ಎರಡೂ ಬದಿಗೆ ಅಂಚಿನ ಹತ್ತಿರ ಹೊಲಿಯಿರಿ. ಕಣ ತೀರ ತೆಳುವಾಗಿದ್ದರೆ ಮಡಿಕೆಯೊಳಗೆ ಒಂದಿಂಚಿನ ಕ್ಯಾನ್ವಾಸ್ ಪಟ್ಟಿಯನ್ನು ಸೇರಿಸಿ. ಚೀಲದ ಮೈಗೆ 14ನೇ ನಂಬರಿನ ಸೂಜಿ ಸಾಕು, ಹಿಡಿಕೆ ಸೇರುವ ದಪ್ಪ ಜಾಗಕ್ಕೆ 16ನೇ ನಂಬರಿನದನ್ನು ಹಾಕಿಕೊಳ್ಳಿ. ಹೊಲಿಗೆಯ ಉದ್ದ ಎರಡೂವರೆ ಮಿಲಿಮೀಟರ್, ಅಂದರೆ ಇಂಚಿಗೆ ಸುಮಾರು ಹತ್ತು ಹೊಲಿಗೆಗಳಿರಲಿ.

ಹೊರಪದರದ ಎರಡು ತುಂಡುಗಳನ್ನು ಹೊರಮೈಗಳು ಎದುರುಬದುರಾಗುವಂತೆ ಇಟ್ಟು, ಅರ್ಧ ಇಂಚು ಮಾರ್ಜಿನ್ ಬಿಟ್ಟು, ಎರಡು ಪಕ್ಕಗಳನ್ನೂ ತಳವನ್ನೂ ಹೊಲಿಯಿರಿ. ಒಳಪದರವನ್ನೂ ಹೀಗೆಯೇ ಹೊಲಿದು, ಅದರ ತಳದ ನಡುವೆ ಮಾತ್ರ ನಾಲ್ಕು ಇಂಚು ಬಾಯಿ ಬಿಡಿ. ಈಗ ತಳಕ್ಕೆ ಅಗಲ ಕೊಡಬೇಕು. ಚೀಲದ ಕೆಳಮೂಲೆಯನ್ನು ಬೆರಳಿನಿಂದ ಅಗಲಿಸಿ, ಪಕ್ಕದ ಹೊಲಿಗೆಯೂ ತಳದ ಹೊಲಿಗೆಯೂ ಒಂದರ ಮೇಲೊಂದು ಕೂರುವಂತೆ ಚಪ್ಪಟೆ ಮಾಡಿದರೆ ಮೂಲೆ ತ್ರಿಕೋನವಾಗುತ್ತದೆ. ತುದಿಯಿಂದ ಎರಡು ಇಂಚು ಒಳಕ್ಕೆ, ತ್ರಿಕೋನದ ಅಗಲ ನಾಲ್ಕು ಇಂಚು ಇರುವಲ್ಲಿ ಅಡ್ಡಗೆರೆ ಎಳೆದು, ಅದರ ಮೇಲೆ ಎರಡು ಬಾರಿ ಹೊಲಿದು, ತುದಿಯನ್ನು ಕತ್ತರಿಸಿಬಿಡಿ. ನಾಲ್ಕು ಮೂಲೆಗಳಿಗೂ ಹೀಗೆ ಮಾಡಿದಾಗ ಚೀಲಕ್ಕೆ ಏಳು ಇಂಚಿಗೆ ನಾಲ್ಕು ಇಂಚಿನ ತಳ ಬರುತ್ತದೆ. ಅದರಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ಬಾಳೆಹಣ್ಣು ಉರುಳಾಡದೆ ಕೂರುತ್ತವೆ.

ಹೊರಪದರವನ್ನು ಸರಿಮೈಗೆ ತಿರುಗಿಸಿ. ಅದರ ಮೇಲಂಚಿನಲ್ಲಿ, ಪಕ್ಕದ ಹೊಲಿಗೆಯಿಂದ ಮೂರು ಇಂಚು ದೂರಕ್ಕೆ ಹಿಡಿಕೆಯ ತುದಿಗಳನ್ನು ಇಟ್ಟು, ಹಿಡಿಕೆ ಕೆಳಮುಖವಾಗಿ ಜೋತುಬೀಳುವಂತೆ, ತುದಿ ಮಾತ್ರ ಅಂಚಿನಿಂದ ಅರ್ಧ ಇಂಚು ಹೊರಚಾಚುವಂತೆ ಕಚ್ಚಾ ಹೊಲಿಗೆ ಹಾಕಿ. ಈ ಚೀಲವನ್ನು ಉಲ್ಟಾ ಇರುವ ಒಳಪದರದೊಳಗೆ ಇಳಿಸಿದಾಗ ಎರಡರ ಹೊರಮೈಗಳೂ ಒಂದನ್ನೊಂದು ನೋಡುತ್ತವೆ, ಹಿಡಿಕೆ ನಡುವೆ ಸಿಕ್ಕಿಕೊಂಡಿರುತ್ತದೆ. ಮೇಲಂಚಿನ ಸುತ್ತಲೂ ಹೊಲಿದು, ಹಿಡಿಕೆಯಿರುವ ನಾಲ್ಕು ಕಡೆ ಹಿಂದೆ ಮುಂದೆ ಮೂರು ಬಾರಿ ಹೊಲಿದು, ಒಳಪದರದ ತಳದಲ್ಲಿ ಬಿಟ್ಟ ಬಾಯಿಯಿಂದ ಇಡೀ ಚೀಲವನ್ನು ಹೊರಗೆಳೆಯಿರಿ. ಮೊದಲ ಬಾರಿ ಮಾಡುವವರಿಗೆ ಇಲ್ಲಿ ಎಲ್ಲವೂ ತಪ್ಪಾಯಿತೆಂಬ ಭಯ ಆಗುತ್ತದೆ, ಗಾಬರಿಯಾಗದೆ ಪೂರ್ತಿ ಎಳೆದು ನೋಡಿ. ನಂತರ ಬಾಯಿಯನ್ನು ಕೈಯಲ್ಲಿ ಮುಚ್ಚಿ, ಒಳಪದರವನ್ನು ಒಳಗೆ ತಳ್ಳಿ, ಮೇಲಂಚಿಗೆ ಇಸ್ತ್ರಿ ಮಾಡಿ, ಸುತ್ತಲೂ ಮತ್ತೊಂದು ಹೊಲಿಗೆ ಹಾಕಿ. ಕೊನೆಯದಾಗಿ ಹಿಡಿಕೆಯ ಬುಡವನ್ನು ಬಲಪಡಿಸಲು, ಹಿಡಿಕೆ ಹೊರಡುವ ಜಾಗದ ಕೆಳಗೆ ಚೀಲದ ಮೈಯಲ್ಲಿ ಒಂದಿಂಚಿನ ಚೌಕ ಹೊಲಿದು ಅದರೊಳಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಹೊಲಿಯಿರಿ. ಈ ಹೊಲಿಗೆ ಎರಡೂ ಪದರಗಳನ್ನು ಹಿಡಿಯುವುದರಿಂದ ಭಾರವೆಲ್ಲ ಮೇಲಂಚಿನ ಒಂದೇ ಗೆರೆಯ ಮೇಲೆ ಬೀಳುವುದಿಲ್ಲ. ಹರಿಯುವ ಚೀಲಗಳಲ್ಲಿ ಹೆಚ್ಚಿನವು ಹರಿಯುವುದು ಅಲ್ಲಿಯೇ.

ಹೊಲಿಗೆ ಬಲ್ಲವರಿಗೆ ಮೊದಲ ಚೀಲಕ್ಕೆ ಎರಡು ಗಂಟೆ ಹಿಡಿಯಬಹುದು. ಹತ್ತು ಚೀಲ ಬೇಕಾದರೆ ಒಂದೊಂದನ್ನೇ ಮುಗಿಸದೆ, ಒಂದು ದಿನ ಎಲ್ಲವನ್ನೂ ಕತ್ತರಿಸಿ, ಇನ್ನೊಂದು ದಿನ ಎಲ್ಲ ಹಿಡಿಕೆಗಳನ್ನು, ಮತ್ತೊಂದು ದಿನ ಎಲ್ಲ ಪಕ್ಕಗಳನ್ನು ಹೊಲಿದರೆ ಅರ್ಧದಷ್ಟು ಹೊತ್ತು ಉಳಿಯುತ್ತದೆ. ಶ್ರಾವಣದ ಹಬ್ಬಕ್ಕೆ ಕೊಡುವುದಾದರೆ ಆಷಾಢದ ಮೊದಲಲ್ಲೇ ಕತ್ತರಿ ಹಿಡಿಯಿರಿ.

ಕನ್ನಡಕದ ಚೀಲ

ಇದಕ್ಕೆ ಯಂತ್ರವೇ ಬೇಡ. ಕಣದ 8 ಇಂಚು ಚೌಕದ ತುಂಡು, ಹಳೆಯ ಟವೆಲ್ಲಿನ ಅಷ್ಟೇ ಅಳತೆಯ ತುಂಡು, ಒಳಗೆ ಬರಲು ಮೆತ್ತನೆಯ ಹಳೆಯ ಪಂಚೆಯ ಅಷ್ಟೇ ಅಳತೆಯ ತುಂಡು, ಇಷ್ಟು ಸಾಕು. ಗಾಜಿಗೆ ತಾಗುವ ಪದರದಲ್ಲಿ ಜರಿಯಾಗಲಿ ಪಾಲಿಯೆಸ್ಟರ್ ಆಗಲಿ ಇರಬಾರದು, ಜರಿ ಗಾಜನ್ನು ಗೀರುತ್ತದೆ. ಕಣ ಮತ್ತು ಪಂಚೆಯ ತುಂಡುಗಳನ್ನು ಹೊರಮೈ ಎದುರುಬದುರಾಗಿಟ್ಟು, ಟವೆಲ್ಲನ್ನು ಕೆಳಗಿಟ್ಟು, ಒಂದು ಅಂಚನ್ನು ಮಾತ್ರ ಹೊಲಿದು ಮಗುಚಿದರೆ ಚೀಲದ ಬಾಯಿ ಸಿದ್ಧ. ಆಮೇಲೆ ಕಣದ ಮೈ ಒಳಗಾಗುವಂತೆ ನಡುವೆ ಮಡಿಸಿ, ಪಕ್ಕ ಮತ್ತು ತಳವನ್ನು ಅರ್ಧ ಇಂಚು ಬಿಟ್ಟು ಹೊಲಿದು, ಒಳಗೆ ಕಾಣುವ ಕಚ್ಚಾ ಅಂಚಿನ ಮೇಲೆ ದಾರ ಸುತ್ತಿ ಮುಚ್ಚಿ, ತಿರುಗಿಸಿ. ಏಳು ಇಂಚು ಎತ್ತರ, ಮೂರೂವರೆ ಇಂಚು ಅಗಲದ ಚೀಲವಾಗುತ್ತದೆ. ಕೈಹೊಲಿಗೆಯಲ್ಲಿ ಪ್ರತಿ ಬಾರಿಯೂ ಸೂಜಿಯನ್ನು ಅರ್ಧ ಹೆಜ್ಜೆ ಹಿಂದಕ್ಕೆ ಚುಚ್ಚಿ ಒಂದು ಹೆಜ್ಜೆ ಮುಂದೆ ತೆಗೆದರೆ ಗೆರೆ ಯಂತ್ರದ ಹೊಲಿಗೆಯಷ್ಟೇ ಬಿಗಿಯಾಗುತ್ತದೆ. ದಾರ ಒಂದು ಮೊಳಕ್ಕಿಂತ ಹೆಚ್ಚು ಉದ್ದವಾದಷ್ಟೂ ಗಂಟು ಬೀಳುತ್ತದೆ.

ಮಗುವಿನ ಅಡಿಗೆ ಹಾಸುವ ಕೌದಿ

ಕಣಗಳನ್ನು ಬಿಟ್ಟು ಹಳೆಯ ಸೀರೆಗೆ ಕೈಹಾಕುವ ಕೆಲಸವಿದು, ಮತ್ತು ಈ ಬರಹದಲ್ಲಿರುವ ಎಲ್ಲಕ್ಕಿಂತ ನನಗೆ ಪ್ರಿಯವಾದದ್ದು. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ, ಪಂಚೆಗಳ ಪದರಗಳನ್ನು ಜೋಡಿಸಿ ಕೌದಿ ಹೊಲಿಯುತ್ತಾರೆ. ಉತ್ತರ ಕನ್ನಡದ ಸಿದ್ದಿ ಮಹಿಳೆಯರು ಹೊಲಿಯುವ ಕೌದಿಗಳಲ್ಲಿ ಅಂಚಿನಿಂದ ಆರಂಭಿಸಿ ಸುತ್ತು ಹಾಕುತ್ತ ನಡುವಿಗೆ ಬರುವ ಕ್ರಮವಿದೆ. ಮೂಲೆಗಳಲ್ಲಿ ಮಡಿಸಿ ಹಚ್ಚುವ ತ್ರಿಕೋನದ ತುಂಡುಗಳಿಗೆ ಅವರು ಫುಲಾ ಎನ್ನುತ್ತಾರೆ, ಅಂದರೆ ಹೂವು. ಮಗುವಿನ ಕೌದಿಗೂ ಈ ಸುತ್ತು ಕ್ರಮವೇ ಅನುಕೂಲ.

ಅಜ್ಜಿಯ ಮೆತ್ತನೆಯ ಹತ್ತಿ ಸೀರೆಯೊಂದು ಸಿಕ್ಕರೆ ಅದು ಐದೂವರೆ ಮೀಟರ್ ಉದ್ದವಿರುತ್ತದೆ. 40 ಇಂಚು ಚೌಕದ ಐದು ತುಂಡುಗಳು ಬರುತ್ತವೆ. ಸೆರಗಿನ ತುಂಡನ್ನು ಮೇಲಕ್ಕೆ, ಸವೆದ ತುಂಡುಗಳನ್ನು ನಡುವಿಗೆ ಇಟ್ಟು, ಐದನ್ನೂ ನೆಲದ ಮೇಲೆ ಬಿಗಿಯಾಗಿ ಹರಡಿ, ನಡುವಿನಿಂದ ಹೊರಕ್ಕೆ ಅಂಗೈಯಿಂದ ಸವರಿ, ಗೇಣಿಗೊಂದರಂತೆ ಕಚ್ಚಾ ಹೊಲಿಗೆ ಹಾಕಿ. ಅಂಚನ್ನು ಒಂದಿಂಚು ಒಳಕ್ಕೆ ಮಡಿಸಿದರೆ 38 ಇಂಚು ಉಳಿಯುತ್ತದೆ. ಅಂಚಿನಿಂದ ಶುರುಮಾಡಿ ಒಂದೊಂದಿಂಚು ಒಳಕ್ಕೆ ಸರಿಯುತ್ತ ಸುತ್ತು ಹೊಲಿದರೆ ಒಟ್ಟು ಸುಮಾರು 38 ಮೀಟರ್ ಹೊಲಿಗೆಯಾಗುತ್ತದೆ. ದಿನಕ್ಕೊಂದು ಗಂಟೆ ಕೂತರೆ ಮೂರು ವಾರದ ಕೆಲಸ. ಕಸೂತಿ ದಾರದ ಆರೆಳೆಯಲ್ಲಿ ಮೂರೆಳೆ ತೆಗೆದು ಬಳಸಿದರೆ 8 ಮೀಟರಿನ ನಾಲ್ಕು ಲಡಿಗಳು ಸಾಕು. ಗಂಟುಗಳನ್ನು ಪದರಗಳ ಒಳಗೆ ಎಳೆದು ಅಡಗಿಸಿ. ಮಣಿ, ಗುಂಡಿ, ಚಮಕಿ ಯಾವುದನ್ನೂ ಹಚ್ಚಬೇಡಿ.

ಬಹಳ ಕಾಲ ಟ್ರಂಕಿನಲ್ಲಿದ್ದ ಸೀರೆಗಳಲ್ಲಿ ನುಸಿಗುಳಿಗೆಯ ವಾಸನೆ ಇದ್ದೇ ಇರುತ್ತದೆ. ನುಸಿಗುಳಿಗೆಯಲ್ಲಿರುವ ನ್ಯಾಫ್ತಲೀನ್, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಕೆಂಪು ರಕ್ತಕಣಗಳು ಒಡೆಯುವಂತೆ ಮಾಡಬಲ್ಲದು. ಕೊರತೆಯಿದೆಯೇ ಇಲ್ಲವೇ ಎಂಬುದು ಹೊರನೋಟಕ್ಕೆ ತಿಳಿಯುವುದಿಲ್ಲ. ಆದ್ದರಿಂದ ಸೀರೆಯನ್ನು ಕತ್ತರಿಸುವ ಮೊದಲೇ ಎರಡು ಮೂರು ಬಾರಿ ಒಗೆದು, ಹಲವು ದಿನ ಬಿಸಿಲಿಗೆ ಹಾಕಿ, ಆಮೇಲೂ ವಾಸನೆ ಉಳಿದರೆ ಅದನ್ನು ಮಗುವಿಗೆ ಬಳಸಲೇಬೇಡಿ. ಕೊಡುವಾಗ, ಇದು ಮಗುವಿನ ಅಡಿಗೆ ಹಾಸಲು, ಮಲಗಿದ ಮಗುವಿಗೆ ಹೊದೆಸಲು ಅಲ್ಲ ಎಂಬುದನ್ನು ತಾಯಿಗೆ ಹೇಳಿ.

ಇಷ್ಟೆಲ್ಲ ಮಾಡಿದ ಮೇಲೂ ಕೈಗೆ ಸ್ವಲ್ಪ ಬಿಡುವಿದ್ದರೆ, ಎಳೆ ಎಣಿಸಲು ಬರುವಂಥ ಹತ್ತಿ ಬಟ್ಟೆಯಲ್ಲಿ 12 ಇಂಚಿನ ಕರವಸ್ತ್ರ ಕತ್ತರಿಸಿ, ಮೂಲೆಯಲ್ಲಿ ಹೆಸರಿನ ಮೊದಲಕ್ಷರವನ್ನು ಧಾರವಾಡದ ಕಸೂತಿಯ ಗವಂತಿ ಹೊಲಿಗೆಯಲ್ಲಿ ಹಾಕಬಹುದು. ಒಂದು ಎಳೆಬಿಟ್ಟು ಒಂದರಂತೆ ಹೋಗಿ, ಅದೇ ದಾರಿಯಲ್ಲಿ ಹಿಂತಿರುಗಿ ಬಿಟ್ಟ ಜಾಗಗಳನ್ನು ತುಂಬುವ ಈ ಹೊಲಿಗೆ ಎರಡೂ ಮೈಗೆ ಒಂದೇ ರೀತಿ ಕಾಣುತ್ತದೆ. ದಾರಕ್ಕೆ ಗಂಟು ಹಾಕುವಂತಿಲ್ಲ.

ಉಡುಗೊರೆಯನ್ನು ಹೊಳೆಯುವ ಕಾಗದದಲ್ಲಿ ಸುತ್ತುವ ಅಗತ್ಯವಿಲ್ಲ. ಉಳಿದ ಕಣದ ಪಟ್ಟಿಯಿಂದ ಕಟ್ಟಿ ಒಂದು ಮಲ್ಲಿಗೆ ಮೊಗ್ಗಿನ ತುಂಡು ಸಿಕ್ಕಿಸಿದರೆ ಸಾಕು. ಒಗೆಯುವ ಬಗೆಯನ್ನು ಚೀಟಿಯಲ್ಲಿ ಬರೆದು ಒಳಗಿಡಿ: ತಣ್ಣೀರು, ಮೊದಲೆರಡು ಬಾರಿ ಬೇರೆಯಾಗಿ, ನೆರಳಿನಲ್ಲಿ ಒಣಗಿಸಿ. ನಮ್ಮಲ್ಲಿ ಚೀಲವನ್ನು ಬರಿದಾಗಿ ಕೊಡುವ ಪದ್ಧತಿಯಿಲ್ಲವಾದ್ದರಿಂದ ತಾಂಬೂಲದ ಚೀಲದ ತಳದಲ್ಲಿ ಒಂದು ಹಿಡಿ ಅಕ್ಕಿ, ಎರಡು ಅಡಿಕೆ, ಒಂದು ತುಂಡು ಬೆಲ್ಲವನ್ನು ಇಟ್ಟು ಕೊಡಿ.